ಜಾರಿದ ಕಂಬಿ

ಯಂತ್ರ ಎಳೆಯತೊಡಗಿ ಲ್ಯಾಬಿನವರ ಲೋಟದ ಟೀ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಕಂಬಿ ಜಾರಿತು. ಸದ್ದಿಲ್ಲ, ಸಿಡಿತವಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾಂಕ್ರೀಟಿನ ಗಡ್ಡೆಯೊಳಗಿಂದ ಮೆತ್ತಗೆ ಹೊರಬಂತು.

"ಇನ್ನೊಂದು ಹಾಕಿ" ಎಂದಳು ಸೊಸೆ.

ಇನ್ನೊಂದೂ ಜಾರಿತು. ಅದರ ಮುಂದಿನದು ಮರ್ಯಾದೆಗೆ ಅಂಜಿದಂತೆ ಸ್ವಲ್ಪ ಹೊತ್ತು ತಡೆದು ಆಮೇಲೆ ಬಂತು.

"ಒಂದು ಗಡ್ಡೆನೂ ಒಡೆದಿಲ್ಲ ನೋಡಿ" ಎಂದರು ಲ್ಯಾಬಿನವರು. "ಹಿಡಿತ ಸರಿಯಾಗಿದ್ರೆ ಕಂಬಿ ಬರೋ ಮುಂಚೆ ಗಡ್ಡೆ ಸೀಳ್ಬೇಕು. ಹೋದ ಸಲ ನಾವೇ ಇಲ್ಲಿ ಮಾಡಿದ್ವಲ್ಲ, ಅವೆಲ್ಲ ಸೀಳಿದ್ವು. ಇದು ಅದೇ ಕಂಬಿ ತಾನೆ?"

"ಅದೇ ಕಂಬಿ. ಇವು ಸೈಟಲ್ಲಿ ನಮ್ಮವರೇ ಮಾಡಿದ ಗಡ್ಡೆಗಳು, ಅಷ್ಟೇ ವ್ಯತ್ಯಾಸ."

"ಅಷ್ಟೇ ಅಂದ್ರೆ ಅಷ್ಟೇ ಅಲ್ಲ ಬಿಡಿ" ಎಂದು ಲ್ಯಾಬಿನವರು ಟೀ ಕುಡಿದರು.

ಸೊಸೆ ಇಂಜಿನಿಯರು, ಗುತ್ತಿಗೆ ಅತ್ತೆಯದು. ಅತ್ತೆ ಹುಡುಗಿಯಾಗಿದ್ದಾಗಿನಿಂದ ಉಕ್ಕಿನ ಕಂಬಿ ಬಗ್ಗಿಸಿದವಳು. ಗಂಡ ತೀರಿಕೊಂಡ ಮೇಲೆ ಅವನ ಸಣ್ಣಪುಟ್ಟ ಗುತ್ತಿಗೆಯನ್ನು ಕೈಗೆತ್ತಿಕೊಂಡು ದೊಡ್ಡದು ಮಾಡಿದ್ದಳು. ಸೈಟಿನಲ್ಲಿ ಎದುರಿಗೆ ಎಲ್ಲರೂ ಅವಳನ್ನು ಅಮ್ಮೋರು ಎನ್ನುತ್ತಿದ್ದರು, ಬೆನ್ನ ಹಿಂದೆ ಸುತ್ತಿಗೆ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಒಳಗೊಳಗೇ ಹಿಗ್ಗಿದ್ದಳು ಕೂಡ.

ಈ ಸಲದ ಕೆಲಸ ಮೀನು ದೋಣಿಗಳು ಬಂದು ನಿಲ್ಲುವ ದಕ್ಕೆಯದು. ಅದರ ಅಂಚಿಗೆ, ನೀರಿನ ಮೇಲೆ ಚಾಚಿಕೊಂಡಂತೆ ಹೊಸ ಕಾಂಕ್ರೀಟ್ ಹಾಸು ಹಾಕಬೇಕಿತ್ತು. ಹಳೆಯ ಹಾಸಿನೊಳಗಿನ ಉಕ್ಕು ಉಪ್ಪುಗಾಳಿಗೆ ತುಕ್ಕು ಹಿಡಿದು, ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳಿಹಾಕಿತ್ತು. ಅದಕ್ಕೇ ಸೊಸೆ ಹಟ ಹಿಡಿದು ಗಾಜಿನ ನಾರಿನ ಕಂಬಿ ತರಿಸಿದ್ದಳು. ಕೂದಲಿನಂಥ ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ, ಒಟ್ಟಿಗೆ ಎಳೆದು, ಮೈತುಂಬ ಮರಳು ಅಂಟಿಸಿದ ಕಂಬಿ ಅದು. ತುಕ್ಕಿನ ಭಯವಿಲ್ಲ. ಹೊರುವವರಿಗೆ ಭಾರವಿಲ್ಲ. ಕಾಂಕ್ರೀಟು ಅದನ್ನು ಕಚ್ಚಿ ಹಿಡಿಯುವುದು ಆ ಮರಳಿನ ಒರಟಿನಿಂದ.

"ಬಗ್ಗದೇ ಇರೋ ಕಂಬಿ ಎಂಥ ಕಂಬೀನೇ? ಗಿಣಿ ಪಂಜರಕ್ಕೆ ಹಾಕ್ಬಹುದು ಇದನ್ನ" ಎಂದಿದ್ದಳು ಅತ್ತೆ. ಬೇಕಾದ ಬಾಗನ್ನೆಲ್ಲ ಕಾರ್ಖಾನೆಯಲ್ಲೇ ಮಾಡಿಸಿ ತರಬೇಕು, ಸೈಟಿನಲ್ಲಿ ಯಾರೂ ಬಗ್ಗಿಸುವಂತಿಲ್ಲ ಎಂದು ತಿಳಿದಾಗ ಅವಳಿಗೆ ಯಾರೋ ಕೆನ್ನೆಗೆ ಹೊಡೆದಂತಾಗಿತ್ತು.

ಈಗ ಫೋನಿನಲ್ಲಿ ಅವಳ ದನಿಗೆ ಮೊಮ್ಮಗು ಹುಟ್ಟಿದಷ್ಟು ಕಳೆ ಬಂದಿತ್ತು. "ಜಾರಿತಾ? ನಾನು ಹೇಳಿರ್ಲಿಲ್ವಾ?"

"ಹೇಳಿದ್ರಿ ಅತ್ತೆ."

"ಎಷ್ಟು ಸಲ ಹೇಳಿದ್ದೆ?"

ಸೊಸೆ ಫೋನಿಟ್ಟಳು. 

ಮಾರನೆಯ ದಿನ ಕಂಬಿ ಮಾರಿದವನನ್ನು ಸೈಟಿನ ತಗಡಿನ ಆಫೀಸಿಗೆ ಕರೆಸಿದರು. ಮೆತ್ತನೆಯ ಮನುಷ್ಯ. ಕೂತುಕೊಳ್ಳಿ ಎಂದು ಯಾರೂ ಹೇಳದ್ದರಿಂದ ಚೀಲವನ್ನು ಎದೆಗೊತ್ತಿಕೊಂಡು ನಿಂತೇ ಇದ್ದ.

"ನಿನ್ನ ಕಡ್ಡಿಗಳನ್ನೆಲ್ಲ ಹೊತ್ಕೊಂಡು ಹೋಗಿ ನಿಮ್ಮನೇಲಿ ಬಟ್ಟೆ ಒಣಹಾಕ್ಕೋ" ಎಂದಳು ಅತ್ತೆ.

"ಅಮ್ಮಾ, ಒಂದೇ ಒಂದು ಸಲ ಕಂಬಿ ನೋಡ್ತೀನಿ. ಇಲ್ಲಿ ಹೇಗೆ ಇಟ್ಟಿದಾರೆ, ಹೇಗೆ..."

"ನೋಡೋಕೇನಿದೆ? ಹೆಣ್ಣು ನೋಡೋಕೆ ಬಂದಿದೀಯಾ?"

ಸೊಸೆ ಅವನ ಪರವಾಗಿ ಒಂದು ಮಾತಾಡಬಹುದಿತ್ತು. ಆದರೆ ಅವನನ್ನು ನಂಬಿ ಅತ್ತೆಯ ಎದುರು ತಲೆ ತಗ್ಗಿಸುವಂತಾಯಿತಲ್ಲ ಎಂದು ಉರಿಯುತ್ತಿದ್ದಳು. "ಲ್ಯಾಬಿಗೆ ಒಳ್ಳೇ ಮಾಲು ಕೊಟ್ಟು ಸೈಟಿಗೆ ಕಸ ಕಳಿಸಿದೀರಿ. ಇದಕ್ಕೆ ಮೋಸ ಅಂತಾರೆ" ಎಂದುಬಿಟ್ಟಳು.

ಅವನ ಮುಖ ಕೆಂಪಾಯಿತು. ಬಾಗಿಲ ಹತ್ತಿರ ಹೋಗಿ ನಿಂತು, "ನಿಮ್ಮವರು ಕೈಗವಸು ಹಾಕ್ಕೊಂಡೇ ಮುಟ್ತಿದಾರಲ್ವಾ?" ಎಂದು ಕೇಳಿದ. ಅತ್ತೆ ಬಾಗಿಲಿನಾಚೆ ಕೈ ತೋರಿಸಿದಳು. ಹೋದ.

ರಾತ್ರಿ ಊಟಕ್ಕೆ ಕೂತಾಗ ಅತ್ತೆಯ ಮಗ, ಅಂದರೆ ಸೊಸೆಯ ಗಂಡ, ವಾತಾವರಣ ತಿಳಿ ಮಾಡಲು ನೋಡಿದ. ಅವನು ಹಲ್ಲಿನ ಡಾಕ್ಟರು. "ನಿಮ್ಮಿಬ್ಬರ ಕೆಲಸ ವಿಚಿತ್ರ. ನಿಮ್ಮಲ್ಲಿ ಕಿತ್ತು ಬಂದ್ರೆ ಫೇಲು, ನನ್ನಲ್ಲಿ ಬರ್ದೇ ಇದ್ರೆ ಫೇಲು."

ಇಬ್ಬರೂ ನಗಲಿಲ್ಲ. ಅವನು ತಟ್ಟೆಯ ಕಡೆ ತಿರುಗಿದ.

"ಉಳಿದಿದ್ದಕ್ಕೆ ಉಕ್ಕು ಹಾಕೋಣ" ಎಂದಳು ಅತ್ತೆ. "ನಾಳೇನೇ ತರಿಸ್ತೀನಿ."

"ಈಗಾಗ್ಲೇ ಕಾಂಕ್ರೀಟ್ ಹಾಕಿರೋದನ್ನ ಒಡೀಬೇಕಲ್ಲ?"

"ಅದು ಇರ್ಲಿ. ಅಲ್ಲೇನು ಆನೆ ನಿಲ್ಲುತ್ತಾ?"

"ಹಿಡಿತ ಇಲ್ಲ ಅಂತ ನಿನ್ನೆಯಿಂದ ಕುಣೀತಿರೋದು ನೀವೇ. ಒಡೀಬೇಕು ಅಂದ ತಕ್ಷಣ ಹಿಡಿತ ಬಂದ್ಬಿಡ್ತಾ? ಅಲ್ಲಿ ಜನ ಮೀನಿನ ಬುಟ್ಟಿ ಹೊತ್ಕೊಂಡು ನಿಲ್ತಾರೆ ಅತ್ತೆ, ಕೆಳಗೆ ದೋಣಿ ಇರುತ್ತೆ, ದೋಣೀಲಿ ಜನ ಇರ್ತಾರೆ!"

"ದನಿ ಇಳಿಸು."

"ಇಳಿಸಲ್ಲ."

ಮಗ ನೀರು ತರುವ ನೆವ ಮಾಡಿ ಎದ್ದ. ತಂಬಿಗೆ ತುಂಬಿಯೇ ಇತ್ತು.

ಕಂಬಿ ಮಾರಿದವನು ಬಾಗಿಲಲ್ಲಿ ಕೇಳಿದ ಮಾತು ಸೊಸೆಯ ತಲೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಬೆಳಗ್ಗೆ ಅತ್ತೆ ಹೊರಡುವ ಮೊದಲೇ ಅವಳು ಸೈಟಿಗೆ ಹೋದಳು. ತಗಡಿನ ಆಫೀಸಿನ ಕಡೆ ತಿರುಗದೆ ನೇರವಾಗಿ ಕಂಬಿ ಕಟ್ಟುವ ಹೆಂಗಸರು ಕೂತಿದ್ದ ಕಡೆ ನಡೆದಳು. ಆ ಗುಂಪಿಗೆ ಹಿರಿಯಳು ಗಂಟಿನಕ್ಕ. ಕಂಬಿಗೆ ಕಂಬಿ ಸೇರಿಸಿ ಗಂಟು ಹಾಕುವುದರಲ್ಲಿ ಅವಳ ಕೈ ಅಷ್ಟು ಚುರುಕಾದ್ದರಿಂದ ಬಂದ ಹೆಸರು. ಅವಳ ಪಕ್ಕದಲ್ಲಿ ಒಂದು ಡಬ್ಬ ಇತ್ತು, ಡಬ್ಬದ ಬಾಯಿಗೆ ಜೋತುಬಿದ್ದ ಕಪ್ಪು ಚಿಂದಿ. ಸೊಸೆ ನೋಡುತ್ತಿದ್ದಂತೆಯೇ ಒಬ್ಬ ಹೆಂಗಸು ಆ ಚಿಂದಿಯನ್ನು ಹಿಂಡಿ, ಹೊಸ ಕಂಬಿಯೊಂದನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿದಳು. ಕಂಬಿ ಮಿರುಗಿತು.

ಸೊಸೆ ಡಬ್ಬಕ್ಕೆ ಬೆರಳದ್ದಿ ಮೂಸಿದಳು. ಸೆಂಟ್ರಿಂಗ್ ಹಲಗೆಗೆ ಹಚ್ಚುವ ಎಣ್ಣೆ. ಕಾಂಕ್ರೀಟು ಹಲಗೆಗೆ ಅಂಟಿಕೊಳ್ಳದೆ ಸಲೀಸಾಗಿ ಬಿಟ್ಟು ಬರಲಿ ಎಂದೇ ಹಚ್ಚುವ ಎಣ್ಣೆ.

ಅವಳು ಡಬ್ಬವನ್ನು ಎತ್ತಿ ಹಿಡಿದಳು. "ಇದನ್ನ... ಕಂಬಿಗೆ ಹಚ್ತಿದೀರಾ?"

"ಹೂಂ" ಎಂದಳು ಗಂಟಿನಕ್ಕ, ಗಂಟು ಹಾಕುತ್ತಲೇ.

"ಹಚ್ಚಿದ್ರೆ ಕಾಂಕ್ರೀಟ್ ಹಿಡಿಯಲ್ಲ ಅಂತ ನಿಮಗೆ ಗೊತ್ತಿರ್ಲಿಲ್ವಾ ಅಕ್ಕಾ? ಇಷ್ಟು ವರ್ಷ ಈ ಕೆಲಸ ಮಾಡಿದೋರು ನೀವು!"

"ಗೊತ್ತಿತ್ತು." ಗಂಟಿನಕ್ಕ ಗಂಟು ತಿರುಚುವ ಕೊಕ್ಕೆ ಕೆಳಗಿಟ್ಟು ಎದ್ದಳು. "ಮುಟ್ಟಿದ್ರೆ ನಮ್ಮ ಕೈಗೆ ಗಾಜು ಹೊಗುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ ಮೇಡಮ್ಮು?"

ಅವಳು ಎರಡೂ ಅಂಗೈ ಚಾಚಿದಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದು ಬಂದು ಕೈ ತೋರಿಸಿದರು. ಕೆಂಪಗೆ ದದ್ದು, ಗೀರು, ಬೆರಳ ಸಂದಿಯಲ್ಲಿ ಬಿರುಕು. ಬೆಳಕಿಗೆ ಹಿಡಿದರೆ ಚರ್ಮದಲ್ಲಿ ಅಲ್ಲಲ್ಲಿ ಏನೋ ಮಿನುಗುತ್ತಿತ್ತು.

"ಮರಳು ಚುಚ್ಚುತ್ತೆ, ಉದುರಿದ ಕಡೆ ಎಳೆ ಎದ್ದು ನಿಲ್ಲುತ್ತೆ. ಹೊಕ್ಕಿದ್ದು ಕಣ್ಣಿಗೂ ಕಾಣಲ್ಲ, ಉಗುರಿಗೂ ಸಿಗಲ್ಲ. ಮೊದಲ ವಾರಾನೇ ಅಮ್ಮೋರ ಹತ್ರ ಕೈಗವಸು ಕೇಳಿದ್ವಿ. ನಾನು ಉಕ್ಕನ್ನೇ ಬರಿಗೈಲಿ ಬಗ್ಗಿಸಿದೀನಿ, ಪ್ಲಾಸ್ಟಿಕ್ ಮುಟ್ಟೋಕೆ ನಿಮಗೆ ಕೈಗವಸು ಬೇಕಾ, ಮದುವೆ ಹೆಣ್ಣಾ ನೀವು ಅಂದ್ರು. ಎಣ್ಣೇಲಿ ಒರೆಸಿದ್ರೆ ಎಳೆ ಕೂತ್ಕೊಳುತ್ತೆ, ಒರೆಸಿದ್ವಿ. ನನ್ನ ತಂಗಿ ಇಲ್ಲೇ ಕೂತಿರ್ತಿದ್ದಳಲ್ಲ, ಎಲ್ಲಿ ಅಂತ ಒಂದ್ಸಲನಾದ್ರೂ ಕೇಳಿದ್ರಾ? ಬಲಗೈ ತೋರುಬೆರಳು ಕೀವು ತುಂಬಿ ಬಾಳೆಕಾಯಿ ಆಯ್ತು. ಆಸ್ಪತ್ರೇಲಿ ಕೊಯ್ದಿದಾರೆ. ಮಡಚೋಕೆ ಬರುತ್ತೋ ಇಲ್ವೋ ಹೇಳಕ್ಕಾಗಲ್ವಂತೆ."

"ನನಗೆ ಹೇಳ್ಬೇಕಿತ್ತು" ಎಂದಳು ಸೊಸೆ. ದನಿ ಸಣ್ಣದಾಗಿತ್ತು.

"ನೀವು ದಿನಾ ಬರ್ತೀರಿ, ಕಂಬಿ ಕಂಬಿ ನಡುವೆ ಟೇಪು ಹಿಡಿದು ನೋಡ್ತೀರಿ, ಹೋಗ್ತೀರಿ. ನಮ್ಮ ಕೈ ಅದರ ಪಕ್ಕದಲ್ಲೇ ಇರ್ತಿತ್ತು."

ಸೊಸೆಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. "ಈ ಹಾಸು ಕುಸಿದು ಯಾರಾದ್ರೂ ಸತ್ತಿದ್ರೆ ಅಕ್ಕಾ? ಗೊತ್ತಿದ್ದೂ ಹಚ್ಚಿದೆ ಅಂತೀರಲ್ಲ, ಆಗ ಏನ್ಮಾಡ್ತಿದ್ರಿ?"

ಗಂಟಿನಕ್ಕ ಚಾಚಿದ್ದ ಕೈಗಳನ್ನು ಇಳಿಸಿದಳು. "ಹೇಳ್ಬೇಕಿತ್ತು. ಹೌದು" ಎಂದಳು.

ಅಷ್ಟರಲ್ಲಿ ಅತ್ತೆಯ ಗಾಡಿ ಬಂತು. ಸೊಸೆ ಡಬ್ಬ ಎತ್ತಿಕೊಂಡು ಹೋಗಿ ಅವಳ ಕಾಲ ಬುಡದಲ್ಲಿ ಕುಕ್ಕಿದಳು. ಎಣ್ಣೆ ಚಿಮ್ಮಿ ಅತ್ತೆಯ ಚಪ್ಪಲಿ ನೆನೆಯಿತು.

"ಇಗೋ ನಿಮ್ಮ ಹಿಡಿತ. ಗಾಜು ಹೊಕ್ಕು ಗಂಟಿನಕ್ಕನ ತಂಗಿ ಬೆರಳು ಕೊಯ್ಸಿಕೊಂಡಿದಾಳೆ, ಚುಚ್ಚದೇ ಇರ್ಲಿ ಅಂತ ಇವರು ಕಂಬಿಗೆ ಎಣ್ಣೆ ಒರೆಸಿದಾರೆ. ಕಂಬಿ ತಪ್ಪಲ್ಲ, ಮಾರಿದವನ ತಪ್ಪಲ್ಲ. ಕೈಗವಸು ಕೊಡದೇ ಇರೋರ ತಪ್ಪು. ಕೇಳದೇ ಇರೋ ನನ್ನ ತಪ್ಪು."

ಅತ್ತೆ ಡಬ್ಬ ನೋಡಿದಳು, ಹೆಂಗಸರನ್ನು ನೋಡಿದಳು. "ಇವರೇ ಹಚ್ಚಿದ್ದಾ? ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ. ನಡೀರಿ ಎಲ್ಲರೂ. ಈಗಲೇ ನಡೀರಿ."

"ಹೋಗ್ತೀವಿ" ಎಂದಳು ಗಂಟಿನಕ್ಕ. "ಆದ್ರೆ ಒಂದು ಮಾತು. ತರಿಸಿದೋರು ಒಬ್ರು, ಬೈದೋರು ಒಬ್ರು. ಇಬ್ಬರಲ್ಲಿ ಒಬ್ಬರಾದ್ರೂ ಈ ಕಂಬೀನ ಒಂದು ಹೊತ್ತು ಮುಟ್ಟಿದೀರಾ?"

ಅವರು ಬುತ್ತಿಗಳನ್ನು ಎತ್ತಿಕೊಂಡು ಹೊರಟೇಬಿಟ್ಟರು. ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿದಳು. "ಮುಟ್ಟೋದೇನು ಮಹಾ" ಎಂದು ಅವರು ಕೂತಿದ್ದ ಜಾಗದಲ್ಲೇ ಕೂತು, ಬರಿಗೈಲಿ ಕಂಬಿ ಎಳೆದುಕೊಂಡು ಕಟ್ಟತೊಡಗಿದಳು. ಎಣ್ಣೆ ಹಚ್ಚದ ಹೊಸ ಕಂಬಿ. ಸೊಸೆ ಬೇಡ ಎನ್ನಲಿಲ್ಲ. ಬೇಡ ಎನ್ನುವಷ್ಟು ಒಳ್ಳೆಯತನ ಆ ಹೊತ್ತಿನಲ್ಲಿ ಅವಳಲ್ಲಿರಲಿಲ್ಲ.

ವಯಸ್ಸಾಗಿದ್ದರೂ ಅತ್ತೆಯ ಕೈ ಕೆಲಸ ಮರೆತಿರಲಿಲ್ಲ. ಗಂಟಿನ ಮೇಲೆ ಗಂಟು ಬಿದ್ದವು. ಮಧ್ಯಾಹ್ನದ ಹೊತ್ತಿಗೆ ಅವಳು ಕೈಯನ್ನು ಸೀರೆಗೆ ಒರೆಸಿಕೊಳ್ಳತೊಡಗಿದಳು. ಆಮೇಲೆ ನೀರಿನ ಡ್ರಮ್ಮಿಗೆ ಹೋಗಿ ತೊಳೆದು ಬಂದಳು, ಮತ್ತೆ ಹೋದಳು. ಕೆಲಸ ಬಿಡುವ ಹೊತ್ತಿನಲ್ಲಿ ಗಾಡಿಯ ಬಾಗಿಲನ್ನು ಮೊಣಕೈಯಿಂದ ತೆಗೆದಳು.

ಮನೆಯಲ್ಲಿ ಲೋಟ ಹಿಡಿಯಲು ಹೋಗಿ ಬೀಳಿಸಿದಳು. ಮಗ ಕೈ ಹಿಡಿದು ನೋಡಿದ. ಮಾತಾಡದೆ ಕ್ಲಿನಿಕ್ಕಿಗೆ ಹೋಗಿ, ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿಯನ್ನೂ ಚಿಮಟವನ್ನೂ ತಂದ. ಊಟದ ಮೇಜಿನ ಮೇಲೆ ಅಮ್ಮನ ಅಂಗೈ ಇಟ್ಟುಕೊಂಡು ಕೂತ. ಸೊಸೆ ದೀಪ ಹಿಡಿದಳು.

"ಬಾಯಿ ತೆಗೀರಿ" ಎಂದ ಅವನು ಅಭ್ಯಾಸಬಲದಿಂದ.

"ನಿನ್ನ ತಲೆ" ಎಂದಳು ಅತ್ತೆ.

ಒಂದೊಂದೇ ಎಳೆ ಬಂತು. ಬಿಳಿಯ ತಟ್ಟೆಯಲ್ಲಿ ಇಟ್ಟರೆ ಕಾಣುತ್ತಲೇ ಇರಲಿಲ್ಲ, ಕಪ್ಪು ಬಟ್ಟೆ ಹಾಸಬೇಕಾಯಿತು. ಕೆಲವು ಅರ್ಧಕ್ಕೇ ಮುರಿದವು. ಅತ್ತೆ ಮಗನನ್ನು ಬೈದಳು, ದೀಪ ಅಲ್ಲಾಡಿತೆಂದು ಸೊಸೆಯನ್ನು ಬೈದಳು, ಗಾಜು ಕಂಡುಹಿಡಿದವನ ವಂಶವನ್ನೆಲ್ಲ ಬೈದಳು. ಬೈಗುಳ ಮುಗಿದ ಮೇಲೂ ಎಳೆಗಳು ಮುಗಿಯಲಿಲ್ಲ. ಆಗ ಅವಳು ಸುಮ್ಮನಾಗಿ ಆ ಕಪ್ಪು ಬಟ್ಟೆಯನ್ನೇ ನೋಡುತ್ತ ಕೂತಳು.

"ಅವಳ ತಂಗಿಗೆ ಯಾವ ಕೈ?" ಎಂದು ಕೇಳಿದಳು.

"ಬಲಗೈ" ಎಂದಳು ಸೊಸೆ.

"ನಾಳೆ ಒಡೆಸು." ಅಷ್ಟು ಹೇಳುವಾಗಲೂ ಅವಳ ದನಿಯಲ್ಲಿ ಜಗಳವೇ ಇತ್ತು. "ಹಾಕಿರೋದಷ್ಟನ್ನೂ ಒಡೆಸು. ಹೋಗು, ನನ್ನ ಮುಖ ಏನು ನೋಡ್ತೀಯ?"

ಒಡೆದರು. ಉಕ್ಕಿನ ಹಾಸಾಗಿದ್ದರೆ ಕಾಂಕ್ರೀಟಿನ ತುಂಡುಗಳು ಕಂಬಿಗೆ ಕಚ್ಚಿಕೊಂಡು ಜೋತಾಡುತ್ತವೆ, ಬಿಡಿಸಲು ಬೆವರು ಹರಿಯುತ್ತದೆ. ಇಲ್ಲಿ ದೊಡ್ಡ ದೊಡ್ಡ ಗಟ್ಟಿಗಳು ತಾವಾಗಿಯೇ ಕಳಚಿ ಬಿದ್ದವು. ಒಂದು ಕಡೆಯಂತೂ ಒಡೆಯುವವನು ಕಂಬಿಯ ತುದಿ ಹಿಡಿದು ಎಳೆದರೆ ಮೊಳದುದ್ದ ಬರಿಗೈಗೇ ಬಂತು. ಒಳಗಿನ ತೂತು ನುಣ್ಣಗೆ, ಎಣ್ಣೆಯಿಂದ ಮಿರಮಿರ ಎನ್ನುತ್ತಿತ್ತು. ಅತ್ತೆ ಬಟ್ಟೆ ಸುತ್ತಿದ ಕೈಯಿಂದಲೇ ಆ ತೂತನ್ನು ಮುಟ್ಟಿ ನೋಡಿದಳು. ಕೆಳಗೆ ಒಂದು ದೋಣಿಯಲ್ಲಿ ಇಬ್ಬರು ಬಲೆ ಸರಿಮಾಡುತ್ತ ಕೂತಿದ್ದರು. ಅವಳು ಅವರನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಅಲ್ಲಿಂದ ಏಳ್ರೋ! ತಲೆ ಮೇಲೆ ಒಡೀತಿರೋದು ಕಾಣಲ್ವಾ!" ಎಂದು ಗಂಟಲು ಹರಿಯುವಂತೆ ಕೂಗಿದಳು.

ಸೊಸೆ ಕಂಬಿ ಮಾರಿದವನಿಗೆ ಫೋನು ಮಾಡಿ ಕ್ಷಮೆ ಕೇಳಿದಳು. ಅವನು "ಪರವಾಗಿಲ್ಲ" ಎಂದ. ಎರಡು ದಿನ ಬಿಟ್ಟು ಕೈಗವಸುಗಳ ದೊಡ್ಡ ಪೆಟ್ಟಿಗೆಯೊಂದನ್ನು ತಾನೇ ತಂದು ಇಳಿಸಿದ. ಟೀ ಕುಡಿಯಿರಿ ಎಂದರೆ ಕುಡಿಯಲಿಲ್ಲ. ಪರವಾಗಿಲ್ಲ ಎಂದಿದ್ದು ಬಾಯಿಮಾತಿಗೆ ಎಂದು ಅವಳಿಗೆ ಆಗ ತಿಳಿಯಿತು.

ಗಂಟಿನಕ್ಕನ ಮನೆಗೆ ಅತ್ತೆ, ಸೊಸೆ ಇಬ್ಬರೂ ಹೋದರು. ಒಂದೇ ಕೋಣೆ, ಅರ್ಧಕ್ಕೆ ಪರದೆ. ಗಂಟಿನಕ್ಕ ಬಾಗಿಲಲ್ಲೇ ನಿಂತಳು, ಒಳಗೆ ಬನ್ನಿ ಎನ್ನಲಿಲ್ಲ. ಪರದೆಯ ಸಂದಿನಲ್ಲಿ ಅವಳ ತಂಗಿ ಕಂಡಳು. ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ತಲೆ ಬಾಚಿಕೊಳ್ಳಲು ಹೆಣಗುತ್ತಿದ್ದಳು.

"ತಪ್ಪಾಯ್ತು ಅಂತ ಹೇಳೋಕೆ ಬಂದಿದೀನಿ" ಎಂದಳು ಅತ್ತೆ. "ಕೇಳಿಸ್ತಾ? ತಪ್ಪಾಯ್ತು. ಇನ್ನೇನು ಬೇಕು ಹೇಳು!"

"ತಪ್ಪಾಯ್ತು ಅನ್ನೋದನ್ನೂ ಬೈಯೋ ಹಾಗೇ ಹೇಳ್ತೀರಲ್ಲಮ್ಮಾ."

"ನನಗೆ ಇರೋದು ಒಂದೇ ದನಿ ಕಣೇ."

ಒಳಗೆ ತಂಗಿ ಕಿಸಕ್ಕನೆ ನಕ್ಕಳು. ಗಂಟಿನಕ್ಕ ನಗಲಿಲ್ಲ. "ನನಗೂ ನಿದ್ದೆ ಬರ್ತಿಲ್ಲ. ಎಣ್ಣೆ ಹಚ್ಚಿದ್ದು ನಾನೇ, ನನ್ನ ಮಾತು ಕೇಳಿ ಉಳಿದೋರು ಹಚ್ಚಿದ್ರು. ಅದಕ್ಕೇ ಬರ್ತೀನಿ, ಆ ಕೆಲಸ ಸರಿ ಮಾಡಿಕೊಟ್ಟು ಹೋಗ್ತೀನಿ. ಆದ್ರೆ ಕಾಂಕ್ರೀಟ್ ಆಗೋ ತನಕ ನೀವು ಸೈಟಿಗೆ ಕಾಲಿಡಬಾರ್ದು."

"ನನ್ನ ಸೈಟಿಗೆ ನಾನು ಬರಬಾರ್ದಾ?"

"ಬರಬಾರ್ದು. ಮೇಡಮ್ಮು ಬರ್ಲಿ. ಮೊದಲ ದಿನ ನಮ್ಮ ಜತೆ ಕೂತು ಕಟ್ಲಿ."

ಅತ್ತೆ ಬಾಯಿ ತೆಗೆದಳು. ಸೊಸೆ, ಈಗ ಒಂದು ಮಾತು ಹೆಚ್ಚಾದರೂ ಮುಗಿಯಿತು ಎಂದು ಅವಳ ಸೆರಗು ಹಿಡಿದಳು. ಅತ್ತೆ ಪರದೆಯ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡು ತಿರುಗಿ ನಡೆದಳು.

ಸೊಸೆ ಮೊದಲ ದಿನವಷ್ಟೇ ಅಲ್ಲ, ಆ ವಾರವೆಲ್ಲ ಕೂತು ಕಟ್ಟಿದಳು. ದಪ್ಪ ಕೈಗವಸಿನಲ್ಲಿ ಅವಳ ಗಂಟುಗಳು ಸಡಿಲವಾಗಿ ಬೀಳುತ್ತಿದ್ದವು. ಹೆಂಗಸರು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು, ಮುಚ್ಚುಮರೆಯಿಲ್ಲದೆ ನಗುತ್ತಿದ್ದರು. ಗಂಟಿನಕ್ಕ ಮಾತ್ರ ಅವಳ ಜತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಎಣ್ಣೆಯ ಕಂಬಿಗಳನ್ನೆಲ್ಲ ಬೇರೆ ರಾಶಿ ಹಾಕಿ ವಾಪಸು ಕಳಿಸಿದರು. ಅದೇ ಕೈಗಳು, ಅದೇ ಕಾಂಕ್ರೀಟಿನಿಂದ, ಪರೀಕ್ಷೆಯ ಗಡ್ಡೆಗಳನ್ನೂ ಹೊಸದಾಗಿ ಹಾಕಿದವು.

ಗಡ್ಡೆಗಳು ಗಟ್ಟಿಯಾದ ಮೇಲೆ ಸೊಸೆ ಲ್ಯಾಬಿಗೆ ಹೋದಳು. ಯಂತ್ರ ಎಳೆಯಿತು. ಅಳತೆಯ ಮುಳ್ಳು ಹೋದ ಸಲ ನಿಂತ ಗೆರೆ ದಾಟಿತು, ದಾಟಿ ಇನ್ನೂ ಮೇಲೆ ಹೋಯಿತು. ಅವಳು ಉಗುರು ಕಚ್ಚಿಕೊಂಡು ನಿಂತಳು. ಪಟೀರೆಂದು ಗಡ್ಡೆ ಎರಡು ಹೋಳಾಯಿತು. ಲ್ಯಾಬಿನವರ ಟೀ ಚೆಲ್ಲಿತು.

"ಇದು ಹಿಡಿತ" ಎಂದರು ಅವರು, ಅಂಗಿ ಒರೆಸಿಕೊಳ್ಳುತ್ತ.

ಹೋಳುಗಳ ನಡುವೆ ಕಂಬಿ ಬಿದ್ದಿತ್ತು; ಮರಳಿನ ಮೇಲೆ ಕಾಂಕ್ರೀಟಿನ ಪುಡಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಸಂತೋಷ ಆಗಬೇಕಿತ್ತು ಅವಳಿಗೆ. ಆಯಿತು ಕೂಡ, ಆದರೆ ಅದರ ತಳದಲ್ಲಿ ಸಿಟ್ಟು ಹಾಗೇ ಇತ್ತು. ಒಂದು ಜೊತೆ ಕೈಗವಸು. ಅಷ್ಟಕ್ಕೆ ಒಬ್ಬಳ ಬೆರಳು, ಒಬ್ಬನ ಮಾನ. ಇನ್ನೊಂದಿಷ್ಟು ದಿನ ಕಳೆದಿದ್ದರೆ ಯಾರ ಯಾರ ಜೀವವೋ.

ಅವಳು ಅತ್ತೆಗೆ ಫೋನು ಮಾಡಿದಳು.

"ಏನಾಯ್ತು?"

"ಹಿಡೀತು."

"ಗಂಟಿನಕ್ಕಂಗೆ ಹೇಳು" ಎಂದಳು ಅತ್ತೆ.

"ನೀವೇ ಹೇಳಿ ಅತ್ತೆ."

"ಅವಳು ನನ್ನ ಫೋನ್ ಎತ್ತಲ್ವೇ."

"ಎತ್ತೋ ತನಕ ಮಾಡ್ತಾ ಇರಿ" ಎಂದು ಸೊಸೆ ಫೋನಿಟ್ಟು, ಮುಂದಿನ ಗಡ್ಡೆ ಹಾಕಲು ಲ್ಯಾಬಿನವರಿಗೆ ಹೇಳಿದಳು.